ಮೆಮೊ ಬಿಟ್ಟು ಕುರ್ಚಿ ಹಾಕಿದೆ

ಪೀಣ್ಯದಲ್ಲಿ ನಮ್ಮ ಫ್ಯಾಕ್ಟರಿ. ಮುನ್ನೂರು ಚಿಲ್ಲರೆ ಜನ. ನಾನು ಎಚ್‌ಆರ್. ಜಗಳವಾಡಿದವರನ್ನು ಸುತ್ತ ಕೂರಿಸಿ ಮಾತಾಡಿಸೋಣ, ಶಿಕ್ಷೆಗಿಂತ ಆದ ನೋವು ಸರಿಮಾಡುವ ಈ ಪದ್ಧತಿಗೆ 'ರೆಸ್ಟೊರೇಟಿವ್ ಸರ್ಕಲ್' ಅಂತಾರೆ ಎಂದಾಗ ಪ್ರೊಡಕ್ಷನ್ ಮ್ಯಾನೇಜರ್ "ಭಜನೆ ಶುರು" ಎಂದು ನಕ್ಕಿದ್ದರು. ಈಗ ಅವರೇ ಫೋನ್ ಮಾಡಿ, "ಮೆಮೊ ಬೇಡ, ಕೂರಿಸ್ರೀ" ಎನ್ನುತ್ತಾರೆ.

ಮೊದಲ ಸಲ ಪೂರ್ತಿ ಮುಗ್ಗರಿಸಿದೆ. ಬೋರ್ಡ್ ರೂಮು, ಉದ್ದ ಮೇಜು, ತುದಿಯಲ್ಲಿ ಮ್ಯಾನೇಜರ್, ಅವರ ಮುಂದೆ ಪರ್ಸನಲ್ ಫೈಲು. ಆಪರೇಟರ್ ಬಾಯಿ ಬಿಡಲಿಲ್ಲ. ಕೊನೆಗೆ ಕ್ಷಮಾಪಣೆ ಪತ್ರ ಬರೆಸಿಕೊಂಡರು. ಇನ್‌ಕ್ರಿಮೆಂಟ್ ಹೊತ್ತಿಗೆ ಅದೇ ಪತ್ರ ಹೊರಗೆ ಬಂತು! ಆಮೇಲೆ ಒಂದು ವರ್ಷ ಯಾರೂ ಕೂರಲು ಒಪ್ಪಲಿಲ್ಲ. ಯೂನಿಯನ್‌ನವರು "ಇದು ಬಲೆ ಸಾರ್" ಎಂದರು. ನಿಜ ತಾನೇ.

1974ರಲ್ಲಿ ಕೆನಡಾದ ಎಲ್ಮೈರಾದಲ್ಲಿ ಊರವರ ಆಸ್ತಿ ಹಾಳುಮಾಡಿದ ಇಬ್ಬರು ಹುಡುಗರನ್ನು ನಷ್ಟವಾದವರ ಮುಂದೆಯೇ ನಿಲ್ಲಿಸಿ ಮಾತಾಡಿಸಿದ ಕತೆಯನ್ನು ಎಂಡಿಗೆ ಹೇಳಿದೆ. ಆಕಳಿಸಿದರು. ಲೆಕ್ಕ ಹೇಳಿದೆ, ನೆಟ್ಟಗೆ ಕೂತರು. ಒಂದು ಎನ್‌ಕ್ವೈರಿಗೆ ವಕೀಲರ ಫೀಸೂ ಸೇರಿ 40-50 ಸಾವಿರ. ಸಸ್ಪೆಂಡ್ ಆದವನಿಗೆ 90 ದಿನ ಅರ್ಧ ಸಂಬಳ, ಅದರ ಮೇಲೆ ನಾವು ಎಳೆದರೆ ಮುಕ್ಕಾಲು. ಮೆಷಿನ್ ಮಾತ್ರ ಖಾಲಿ.

ಎರಡನೇ ಕೇಸು: ನೈಟ್ ಶಿಫ್ಟ್‌ನಲ್ಲಿ ಸೂಪರ್‌ವೈಸರ್ ಅಪ್ಪನನ್ನು ಎಳೆದು ಬೈದ, ಆಪರೇಟರ್ ಕಾಲರ್ ಹಿಡಿದ. ಕೆಲಸ ಹೋಗುವಂಥದ್ದೇ. ಕ್ಯಾಂಟೀನ್ ಹಿಂದೆ ಪ್ಲಾಸ್ಟಿಕ್ ಕುರ್ಚಿ ಹಾಕಿಸಿದೆ. ಮೇಜಿಲ್ಲ, ಫೈಲಿಲ್ಲ. ಕೇಳಿದ್ದು ಇಷ್ಟೇ: ಏನಾಯ್ತು, ಯಾರಿಗೆ ನೋವಾಯ್ತು, ಸರಿಮಾಡೋಕೆ ಏನು ಮಾಡಬೇಕು. "ಯಾಕೆ" ಅನ್ನುವುದನ್ನು ಮಾತ್ರ ಬಿಟ್ಟೆ. ಅದಕ್ಕೆ ಶೋಕಾಸ್ ನೋಟಿಸಿನ ವಾಸನೆ. ಅದಕ್ಕೂ ಮೊದಲು ಒಬ್ಬೊಬ್ಬರ ಜೊತೆ ಒಟ್ಟು ಐದಾರು ಗಂಟೆ ಕೂತಿದ್ದೆ. ಅಲ್ಲಿ ಏನು ಕೇಳುತ್ತೇನೆ ಅನ್ನುವುದು ನನ್ನ ಹತ್ತಿರವೇ ಇರಲಿ.

ಇಬ್ಬರೂ ಬಿಗಿದುಕೊಂಡೇ ಇದ್ದರು. ಆಗ ಜಗಳ ನೋಡಿದ್ದ ಟ್ರೈನಿ ಹುಡುಗ, "ಆವತ್ತಿಂದ ನೈಟ್ ಶಿಫ್ಟ್ ಅಂದ್ರೆ ನನಗೆ ಹೊಟ್ಟೆ ತೊಳಸತ್ತೆ" ಎಂದ. ಎನ್‌ಕ್ವೈರಿಯಲ್ಲಾಗಿದ್ದರೆ ಅವನು ಬರೀ ಸಾಕ್ಷಿ ನಂಬರ್ ಎರಡು. ಸೂಪರ್‌ವೈಸರ್ ತಲೆ ತಗ್ಗಿಸಿದ. ಮಾರನೇ ದಿನ ಶಿಫ್ಟ್ ಮುಂದೆಯೇ ತಪ್ಪಾಯ್ತು ಎಂದ. ಬರೆಸಿಕೊಳ್ಳಲಿಲ್ಲ.

ಸುತ್ತಿನಲ್ಲಿ ಒಂದು ವಸ್ತು ಕೈಯಿಂದ ಕೈಗೆ ಹೋಗುತ್ತದೆ, ಅದು ಯಾರ ಕೈಲಿದೆಯೋ ಅವರದೇ ಮಾತಿನ ಸರದಿ. ಅದಕ್ಕೆ ಒಮ್ಮೆ ಅಳತೆ ನೋಡುವ ವರ್ನಿಯರ್ ಕೊಟ್ಟು ನೋಡಿದೆ. ಎಲ್ಲರೂ ಸುಮ್ನೆ ಎಳೆದು ಮುಚ್ಚುತ್ತಾ ಕೂತರು. ಈಗ ರಿಜೆಕ್ಟ್ ಆದ ಹಿತ್ತಾಳೆ ಬುಷ್, ಅಂದರೆ ಕೊಳವೆಯಂಥ ಬಿಡಿಭಾಗ, ಇಟ್ಟಿದ್ದೇನೆ. ಕೈಗೆ ಭಾರ ಸಿಗುತ್ತದೆ, ಮಾತು ನಿಧಾನವಾಗುತ್ತದೆ.

ಇಲ್ಲಿಯವರೆಗೆ ಇಪ್ಪತ್ತರ ಮೇಲೆ ಕೂರಿಸಿದ್ದೇನೆ. ಹದಿನಾರೋ ಹದಿನೇಳೋ ಕೇಸಿನಲ್ಲಿ ಆದ ರಾಜಿ ಮುರಿಯದೆ ಉಳಿದಿದೆ. ಲೈಂಗಿಕ ಕಿರುಕುಳದ ದೂರನ್ನು ಇದಕ್ಕೆ ತರುವುದಿಲ್ಲ, ಅದು ನೇರ ಆಂತರಿಕ ಸಮಿತಿಗೆ. ಇನ್ನು ಮ್ಯಾನೇಜರ್‌ಗಳು ತಾವೇ ಕೂರಬೇಕಾದಾಗ ಯಾವಾಗಲೂ ಕಸ್ಟಮರ್ ವಿಸಿಟ್ ಇರುತ್ತದೆ. ಒಬ್ಬರಿಗೆ ಮೂರು ಸಲ ಡೇಟ್ ಕೊಟ್ಟಾಯಿತು.