ಸಿಪಿ ಇರುವ ಮನೆಗೆ ನೆರವು: ಕೇಳುವುದು ಹೇಗೆ?

ಸೆರೆಬ್ರಲ್ ಪಾಲ್ಸಿ, ಅಂದರೆ ಸಿಪಿ, ಮೈಯ ಚಲನೆಗೆ ತೊಂದರೆ ಮಾಡುವ ಸ್ಥಿತಿ. ಮಿದುಳು ಬೆಳೆಯುವ ಹಂತದಲ್ಲಿ ಅದಕ್ಕೆ ಆದ ಹಾನಿಯಿಂದ ಅಥವಾ ಅದರ ಬೆಳವಣಿಗೆಯ ಏರುಪೇರಿನಿಂದ ಬರುತ್ತದೆ. ಆ ಹಾನಿ ಹೆಚ್ಚುತ್ತಾ ಹೋಗುವುದಿಲ್ಲ. ಆದರೆ ಮಗು ಬೆಳೆದಂತೆ ಸ್ನಾಯುಗಳು ಬಿಗಿಯಬಹುದು, ಕೀಲುಗಳಿಗೆ ತೊಂದರೆ ಆಗಬಹುದು. ಒಂದೆರಡು ವರ್ಷದಲ್ಲಿ ಮುಗಿಯುವ ಆರೈಕೆ ಅಲ್ಲ ಇದು. ಒಬ್ಬರೇ ಹೊರಲು ಹೋಗಬೇಡಿ.

ಮೊದಲು ಒಂದು ದಿನದ ಕೆಲಸವನ್ನೆಲ್ಲಾ ಬರೆದಿಡಿ. ಬೆಳಗ್ಗೆ ಎಬ್ಬಿಸುವುದರಿಂದ ಹಿಡಿದು ರಾತ್ರಿ ಮಗ್ಗುಲು ಬದಲಿಸುವವರೆಗೆ. ಕಷ್ಟವಾಗುವ ಕಡೆ ಗುರುತು ಹಾಕಿ. ಸುಮ್ನೆ 'ಸಹಾಯ ಬೇಕು' ಅಂದರೆ ಎದುರಿನವರಿಗೆ ಏನೂ ತೋಚುವುದಿಲ್ಲ. 'ಸ್ನಾನಕ್ಕೆ ಎತ್ತುವಾಗ ನನ್ನ ಬೆನ್ನು ಹಿಡಿದುಕೊಳ್ಳುತ್ತದೆ' ಅನ್ನಿ. ಆಗ ಆಕ್ಯುಪೇಷನಲ್ ಥೆರಪಿಸ್ಟ್ (ದಿನನಿತ್ಯದ ಕೆಲಸಗಳನ್ನು ಸುಲಭ ಮಾಡಿಕೊಡುವ ತಜ್ಞರು) ಸ್ನಾನದ ಕುರ್ಚಿ ಬೇಕೇ ಎಂದು ನೋಡುತ್ತಾರೆ, ಎತ್ತುವ ರೀತಿ ಕಲಿಸುತ್ತಾರೆ.

ನಿಲ್ಲುವುದು, ನಡೆಯುವುದು ಫಿಸಿಯೋಥೆರಪಿಸ್ಟ್ ಕೆಲಸ. ಸ್ಪೀಚ್ ಥೆರಪಿಸ್ಟ್ ಮಾತಿಗಷ್ಟೇ ಅಲ್ಲ, ನುಂಗುವ ತೊಂದರೆಗೂ ಬೇಕು. ಮಾತು ಬಾರದಿದ್ದರೆ ಚಿತ್ರದ ಬೋರ್ಡ್, ಅಂದರೆ ಚಿತ್ರ ತೋರಿಸಿ ಬೇಕಾದ್ದು ಹೇಳುವ ಹಲಗೆ, ಬೇಗ ಶುರು ಮಾಡಿ. ಅದರಿಂದ ಮಾತು ಕುಂಠಿತವಾಗುತ್ತದೆ ಅನ್ನುವ ಭಯ ಬೇಡ. ಸೊಂಟದ ಕೀಲಿನ ಎಕ್ಸ್‌ರೇ ಎಷ್ಟು ದಿನಕ್ಕೊಮ್ಮೆ ಬೇಕು ಎಂದು ವೈದ್ಯರನ್ನು ನೀವಾಗಿಯೇ ಕೇಳಿ. ನೋವಿಲ್ಲದೆಯೂ ಆ ಕೀಲು ಜಾರಬಹುದು.

ಕೇಳಲು ಹೆಚ್ಚು ಹಿಂಜರಿಯುವುದು ಬಿಡುವಿನ ಆರೈಕೆಗೆ. ತರಬೇತಿ ಇರುವವರು ಕೆಲವು ಗಂಟೆ ಅಥವಾ ಒಂದೆರಡು ದಿನ ಮಗುವನ್ನು ನೋಡಿಕೊಳ್ಳುತ್ತಾರೆ. ನಿದ್ದೆಗೆಟ್ಟ ತಾಯಿಗೆ ಇದು ಐಷಾರಾಮ ಅಲ್ಲವೇ ಅಲ್ಲ. ಬಿಟ್ಟುಹೋಗುವ ಧೈರ್ಯ ಬರಬೇಕಾದರೆ ಒಂದು ಹಾಳೆ ಬರೆದುಕೊಡಿ: 'ಊಟಕ್ಕೆ ನೆಟ್ಟಗೆ ಕೂರಿಸಿ. ತಲೆ ಹಿಂದಕ್ಕೆ ವಾಲಬಾರದು. ಅರ್ಧ ಚಮಚ ಮಾತ್ರ. ನುಂಗಿದ್ದು ನೋಡಿ ಮುಂದಿನದು ಕೊಡಿ. ಮೇಲೆ ನೋಡಿದರೆ ಹೌದು ಅಂತ.' ಫಿಟ್ಸ್ ಬಂದರೆ ಏನು ಮಾಡಬೇಕು, ಯಾರಿಗೆ ಫೋನ್ ಮಾಡಬೇಕು ಅನ್ನುವುದೂ ಅದರಲ್ಲಿರಲಿ. ಮೊದಲ ಸಲ ಜೊತೆಗೇ ಇರಿ. ಎರಡನೇ ಸಲ ಪಕ್ಕದ ಕೋಣೆಯಲ್ಲಿರಿ. ಆಮೇಲೆ ಹೊರಗೆ ಹೋಗಿ.

ಪೋಷಕರ ಗುಂಪು ಸೇರಿ. ಯಾವ ವೀಲ್‌ಚೇರ್ ಬಾಳಿಕೆ ಬರುತ್ತದೆ, ಯಾವ ಶಾಲೆ ನಿಜವಾಗಿಯೂ ಸೇರಿಸಿಕೊಳ್ಳುತ್ತದೆ ಅನ್ನುವುದು ಅಲ್ಲಿರುವವರಿಗೆ ಗೊತ್ತಿರುತ್ತದೆ. ಸಿಪಿ ಇರುವ ದೊಡ್ಡವರೂ ಬರುವ ಗುಂಪಾದರೆ ಇನ್ನೂ ಒಳ್ಳೆಯದು. ಅಣ್ಣ-ತಂಗಿಯರ ಬೇಸರ ಕೇಳುವ ಗುಂಪುಗಳೂ ಇವೆ, ಅವರನ್ನು ಮರೆಯಬೇಡಿ.

ಹದಿನೆಂಟರ ಹೊತ್ತಿಗೆ ಮಕ್ಕಳ ವಿಭಾಗದ ಸೇವೆ ಎಷ್ಟೋ ಕಡೆ ನಿಂತುಹೋಗುತ್ತದೆ. ಮುಂದೆ ಯಾರು ನೋಡುತ್ತಾರೆ ಎಂದು ಹದಿನಾಲ್ಕರಲ್ಲೇ ವಿಚಾರಿಸಿ. ಆ ಮಾತುಕತೆಯಲ್ಲಿ ಮೊದಲ ಪ್ರಶ್ನೆ ಮಗನಿಗೋ ಮಗಳಿಗೋ ಹೋಗಲಿ. ಉತ್ತರ ಬೋರ್ಡಿನ ಮೇಲೆ ಬರಲು ಹತ್ತು ನಿಮಿಷ ಹಿಡಿದರೂ ಕಾಯಲು ಎಲ್ಲರಿಗೂ ಹೇಳಿ.