ಮೊದಲು ಬಾದಾಮಿ ಗುಡ್ಡ ಹತ್ತಿ, ಆಮೇಲೆ ಅಲ್ಬರಸೀನ್‌ಗೆ ಹೊರಡಿ

ಮಗನೋ ಮಗಳೋ ಯುರೋಪಿನಲ್ಲಿದ್ದಾರೆ, ಸ್ಪೇನಿನಲ್ಲಿ ಏನು ನೋಡೋಣ ಅಂತ ಬಾಗಲಕೋಟೆ ಕಡೆಯವರು ಕೇಳಿದರೆ ನಾನು ಹೇಳುವುದು ಒಂದೇ ಊರು. ಅಲ್ಬರಸೀನ್. ಅರಗಾನ್ ಸೀಮೆಯ ತೆರುವೆಲ್ ಪ್ರಾಂತದಲ್ಲಿದೆ, ಬಾದಾಮಿಗಿಂತ ಎರಡು ಪಟ್ಟು ಎತ್ತರ, ಸುಮಾರು 1,170 ಮೀಟರ್. ಇರುವ ಜನ ಸಾವಿರದ ಆಸುಪಾಸು. ಆದರೆ ಟಿಕೆಟ್ ತೆಗೆಸುವ ಮೊದಲು ಒಂದು ದಿನ ಬಾದಾಮಿಗೆ ಹೋಗಿ ಬನ್ನಿ. ಎರಡೂ ಕೆಂಪು ಮರಳುಗಲ್ಲಿನ ಊರು. ಇಲ್ಲಿ ನೋಡಲು ಕಲಿತರೆ ಅಲ್ಲಿ ಎಲ್ಲವೂ ಗುರುತು ಸಿಗುತ್ತದೆ.

ಬುತ್ತಿ ಕಟ್ಟಿಕೊಂಡು ಬೆಳಿಗ್ಗೆ ಬೇಗ ಹೊರಡಿ. ಗುಹೆ ಸೇರುವ ಅವಸರ ಬೇಡ, ಬಂಡೆ ಹತ್ತಿರ ಹೋಗಿ ನಿಲ್ಲಿ. ಪದರಗಳು ಕೆಲವು ಕಡೆ ನೆಟ್ಟಗೆ ಅಡ್ಡ ಮಲಗಿವೆ, ಕೆಲವು ಕಡೆ ಓರೆ ಗೆರೆ ಎಳೆದ ಹಾಗಿವೆ, ಅಲ್ವಾ? ಹರಿಯುವ ನೀರು ಮರಳನ್ನು ತಂದು ಒಂದರ ಮೇಲೊಂದು ಸುರಿದು ಹೋದ ಗುರುತು ಅದು. ಕೆಂಪು ಬಣ್ಣ ಕಬ್ಬಿಣದ ಅಂಶದಿಂದ ಬಂದಿದ್ದು. ಅಲ್ಬರಸೀನ್ ಪಕ್ಕದ ಕಲ್ಲಿಗೆ ಅಲ್ಲಿನವರು ರೊದೆನೊ ಅನ್ನುತ್ತಾರೆ, ಅದರಲ್ಲೂ ಇದೇ ಓರೆ ಗೆರೆ, ಇದೇ ಕೆಂಪು. ವಯಸ್ಸು ಸುಮಾರು 25 ಕೋಟಿ ವರ್ಷ. ನಮ್ಮ ಕಲ್ಲು ಅದಕ್ಕಿಂತ ಎಷ್ಟೋ ಹಳೆಯದು.

ಆಮೇಲೆ ನೀರು ಹುಡುಕಿ. ಬಾದಾಮಿಗೆ ಅಗಸ್ತ್ಯ ತೀರ್ಥ, ಅಲ್ಬರಸೀನ್‌ಗೆ ಗ್ವಾದಲವಿಯಾರ್ ನದಿ. ಅದು ಊರಿನ ಸುತ್ತ ಕುದುರೆ ಲಾಳದ ಹಾಗೆ ಬಳಸಿ ಹೋಗುತ್ತದೆ, ಹಾಗಾಗಿ ಮೂರು ಕಡೆ ಕಣಿವೆಯೇ ಕೋಟೆ. ಈ ನದಿಯ ನೀರನ್ನು ರೋಮನ್ನರು 1ನೇ ಶತಮಾನದಲ್ಲೇ ಬಂಡೆ ಕೊರೆದು ಸುಮಾರು 25 ಕಿ.ಮೀ. ದೂರದ ಸೆಯ್ಯಾ ಊರಿಗೆ ಒಯ್ದಿದ್ದರು. ತೊರವಿಯಿಂದ ವಿಜಯಪುರಕ್ಕೆ ಸುರಂಗದಲ್ಲಿ ನೀರು ತಂದ ಆದಿಲ್‌ಶಾಹಿಗಳ ಕೆಲಸ ನೋಡಿದವರು ಈ ಕಾಲುವೆಯನ್ನು ಬಿಡಲೇಬಾರದು.

ನೀರು ಕಾಯದ ಕಡೆ ಗೋಡೆ ಬೇಕು. ಬಾದಾಮಿಯಲ್ಲಿ ಒಂದನೇ ಪುಲಕೇಶಿ 543ರಲ್ಲಿ ಬೆಟ್ಟವನ್ನೇ ಕೋಟೆ ಮಾಡಿದ. ಅಲ್ಬರಸೀನ್‌ನಲ್ಲಿ ಗೋಡೆ ಗುಡ್ಡ ಹತ್ತಿ ಅಂದಾದೋರ್ ಗೋಪುರದವರೆಗೆ ಹೋಗುತ್ತದೆ. ಗೋಪುರ 10ನೇ ಶತಮಾನದ್ದು. ಊರಿನ ಹೆಸರಿನ ಮೂಲ ಬನೂ ರಜೀನ್ ಅನ್ನುವ ಬರ್ಬರ್ ಮನೆತನ, 11ನೇ ಶತಮಾನದಲ್ಲಿ ಅಲ್ಲಿ ಸ್ವತಂತ್ರವಾಗಿ ಆಳಿದವರು. ಅವರ ನಂತರ 12ನೇ ಶತಮಾನದಲ್ಲಿ ಅಸಾಗ್ರಾ ಮನೆತನ ಬಂತು, ಅವರೂ ಅಕ್ಕಪಕ್ಕದ ರಾಜರಿಗೆ ಬಗ್ಗಲಿಲ್ಲ. 1300ರಲ್ಲಿ ಊರು ಅರಗಾನ್ ರಾಜ್ಯಕ್ಕೆ ಸೇರಿತು. ಗೋಪುರದ ಬುಡದಲ್ಲಿ ನಿಂತು ಕೆಳಗೆ ನೋಡಿದರೆ ಇಷ್ಟು ಚಿಕ್ಕ ಊರು ಹೇಗೆ ತಡೆದು ನಿಂತಿತು ಅಂತ ತಾನಾಗಿಯೇ ತಿಳಿಯುತ್ತದೆ, ಅದಕ್ಕೇ ಹತ್ತಿ ಅನ್ನುತ್ತೇನೆ.

ಓಣಿಗಳಲ್ಲಿ ಗೋಡೆ ಗಮನಿಸಿ. ಕೆಳಗೆ ಕಲ್ಲು, ಮೇಲೆ ಮರದ ಚೌಕಟ್ಟು, ಅದಕ್ಕೆ ಅಲ್ಲಿನದೇ ಕೆಂಪು ಜಿಪ್ಸಂ ಗಾರೆ. ಮೇಲಂತಸ್ತು ಹೊರಗೆ ಚಾಚಿಕೊಂಡಿದ್ದು, ಕೆಲವು ಕಡೆ ಎದುರು ಬದುರು ಸೂರು ತಾಗುವಷ್ಟು ಹತ್ತಿರ. ನಮ್ಮ ಮೇಲ್ಮುದ್ದಿ ಮನೆಗಳ ಹಾಗೇ ಕಾಲಡಿಯ ಮಣ್ಣು ಕಲ್ಲಿನಿಂದಲೇ ಎದ್ದ ಮನೆಗಳು.

ಜಾಸ್ತಿ ಹೊತ್ತು ಇಡಬೇಕಾದ್ದು ಊರಾಚೆಯ ಪೈನ್ ಕಾಡಿಗೆ. ಹಿಂದೆ ಈ ಮರಗಳಿಗೆ ಕಚ್ಚು ಹಾಕಿ, ಈಚಲಿಗೆ ಮಡಕೆ ಕಟ್ಟಿದ ಹಾಗೆ ಕುಡಿಕೆ ಕಟ್ಟಿ ಅಂಟು ಇಳಿಸುತ್ತಿದ್ದರು. ಕಾಡಿನೊಳಗಿನ ಕಲ್ಲಾಸರೆಗಳಲ್ಲಿ ಆದಿಮಾನವರ ಚಿತ್ರಗಳಿವೆ, 1998ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿದವು. ಪ್ರಾದೊ ದೆಲ್ ನವಾಸೊ ಅನ್ನುವಲ್ಲಿ ಗೂಳಿಗಳನ್ನು ಬಿಳಿ ಬಣ್ಣದಲ್ಲಿ ಬರೆದಿದ್ದಾರೆ. ಕೆಂಪು ಬಂಡೆಯ ಮೇಲೆ ಮಾಸಿದ ಬಿಳಿ, ಮೊದಲಿಗೆ ಏನೂ ಕಾಣುವುದಿಲ್ಲ. ಎರಡು ನಿಮಿಷ ಕಣ್ಣು ಹೊಂದಲಿ, ಕೊಂಬು ಕಾಣುತ್ತದೆ, ಆಮೇಲೆ ಡುಬ್ಬ, ಆಮೇಲೆ ಇಡೀ ಗೂಳಿ. ಈ ತಾಳ್ಮೆಗೆ ಅಭ್ಯಾಸ ಬೇಕಾದರೆ ಬಾದಾಮಿ ಗುಡ್ಡದ ಮೇಲೆ ಇಂಥದೇ ಬಂಡೆ ಚಿತ್ರಗಳಿರುವ ಸಿಡ್ಲಫಡಿ ಕಲ್ಲಾಸರೆಗೆ ಗೊತ್ತಿರುವವರ ಜೊತೆ ನಡೆದು ಹೋಗಿ. ಎರಡೂ ಕಡೆ ಚಿತ್ರ ಮುಟ್ಟಬೇಡಿ, ನೀರು ಚಿಮುಕಿಸಬೇಡಿ.

ತೆರುವೆಲ್ ಪಟ್ಟಣದಿಂದ ಅಲ್ಬರಸೀನ್ 40 ಕಿ.ಮೀ. ಒಳಗೇ. ಬಸ್ಸು ಕಡಿಮೆ, ಬಾಡಿಗೆ ಕಾರು ಒಳ್ಳೆಯದು. ಮಧ್ಯಾಹ್ನ ಅಂಗಡಿ ಮುಚ್ಚುತ್ತಾರೆ, ನೀರು ಮೊದಲೇ ತಗೊಳ್ಳಿ. ಚಳಿಗಾಲದಲ್ಲಿ ಸೊನ್ನೆಗಿಂತ ಕೆಳಗೆ ಇಳಿಯುವ ಥಂಡಿ, ನಮ್ಮ ಸ್ವೆಟರ್ ಸಾಲದು. ಮೇ ಇಲ್ಲವೇ ಸೆಪ್ಟೆಂಬರ್ ನೋಡಿ, ಸಂಜೆ ಬಿಸಿಲು ಬೀಳುವ ಹೊತ್ತಿಗೆ ಗೋಡೆಯ ಮೇಲಿರಿ.