200 ಆರ್ಡರ್‌ಗೆ 201 ಕ್ವೆರಿ: ಹೈಬರ್ನೇಟ್‌ನಲ್ಲಿ ನಾನು ಸರಿಮಾಡಿದ್ದು ಹೀಗೆ

ಹೈಬರ್ನೇಟ್ ಅಂದರೆ ಜಾವಾ ಆಬ್ಜೆಕ್ಟ್‌ಗಳನ್ನು ಡೇಟಾಬೇಸ್ ಟೇಬಲ್‌ಗಳಿಗೆ ಜೋಡಿಸುವ ಲೈಬ್ರರಿ. ಅದನ್ನು ಬಳಸುವ ನನ್ನ ಆ್ಯಪ್‌ನಲ್ಲಿ ಆರ್ಡರ್ ಪಟ್ಟಿಯ ಪೇಜ್ ತೆರೆಯೋಕೆ ತುಂಬಾ ಹೊತ್ತು ಹಿಡಿಯುತ್ತಿತ್ತು. ಟೇಬಲ್‌ನಲ್ಲಿ ಬೇಗ ಹುಡುಕೋಕೆ ಬೇಕಾದ ಇಂಡೆಕ್ಸ್ ಇಲ್ಲವೇನೋ ಅಂದುಕೊಂಡೆ. ಇತ್ತು. ಕೊನೆಗೆ, ಡೇಟಾಬೇಸ್‌ಗೆ ಹೋಗುವ ಪ್ರತಿ ಕ್ವೆರಿಯನ್ನೂ (ಕೋರಿಕೆಯನ್ನೂ) ತೋರಿಸುವ ಎಸ್‌ಕ್ಯೂಎಲ್ ಲಾಗ್ ಆನ್ ಮಾಡಿದೆ. ಅದೇ ಸೆಲೆಕ್ಟ್, ಕೊನೆಯಲ್ಲಿ ಆರ್ಡರ್ ಐಡಿ ಬರುವ ಜಾಗದಲ್ಲಿ ಅದೇ ಪ್ರಶ್ನೆ ಚಿಹ್ನೆ, ಸಾಲುಸಾಲಾಗಿ ಬರುತ್ತಲೇ ಇತ್ತು. 200 ಆರ್ಡರ್‌ಗೆ ಒಟ್ಟು 201 ಕ್ವೆರಿ! ಪಟ್ಟಿ ತರೋಕೆ ಒಂದು; ಆಮೇಲೆ ಲೂಪಿನೊಳಗೆ ಪ್ರತಿ ಆರ್ಡರ್‌ನ ಐಟಂಗಳನ್ನು ಮುಟ್ಟಿದಾಗೆಲ್ಲ ಹೊಸ ಕ್ವೆರಿ ಹೋಗುತ್ತಿತ್ತು.

ಆರ್ಡರ್‌ಗೂ ಐಟಂಗೂ ಇರುವ ಮ್ಯಾಪಿಂಗನ್ನೇ (ಜೋಡಣೆಯನ್ನೇ) ಈಗರ್ ಮಾಡಿಬಿಡೋಣ, ಅಂದರೆ ಆರ್ಡರ್ ಜೊತೆ ಐಟಂಗಳೂ ಯಾವಾಗಲೂ ಬರುವಂತೆ ಮಾಡೋಣ ಅನ್ನಿಸಿತು. ಬೇಡ ಅಂತ ಬಿಟ್ಟೆ. ಐಟಂ ಬೇಡದ ಕಡೆಯೂ ಅವು ಸುಮ್ನೆ ಲೋಡ್ ಆಗುತ್ತವೆ ಅಲ್ವಾ? ಹಾಗಾಗಿ ಈ ಒಂದು ಕ್ವೆರಿಯಲ್ಲಿ ಮಾತ್ರ ಐಟಂಗಳನ್ನೂ ಜೊತೆಗೇ ತರುವ ಜಾಯಿನ್ ಫೆಚ್ ಹಾಕಿದೆ. ಕ್ವೆರಿ ಒಂದಕ್ಕೆ ಇಳಿಯಿತು, ಆದರೆ ಲಾಗಿನಲ್ಲಿ ಹೊಸ ಎಚ್ಚರಿಕೆ ಬಂತು: ಪೇಜಿನೇಷನ್ (ಒಂದು ಪೇಜಿಗೆ ಬೇಕಾದಷ್ಟನ್ನೇ ಆರಿಸುವ ಕೆಲಸ) ಮೆಮೊರಿಯಲ್ಲಿ ನಡೆಯುತ್ತಿದೆ ಅಂತ. ಅಂದರೆ ಟೇಬಲ್‌ನ ಎಲ್ಲ ಆರ್ಡರ್‌ಗಳೂ ಐಟಂ ಸಮೇತ ಬಂದು, ಆಮೇಲೆ 200 ಮಾತ್ರ ಉಳಿಯುತ್ತಿದ್ದವು. ಡೇಟಾ ಬೆಳೆದರೆ ಇದು ಮೊದಲಿಗಿಂತ ಜಾಸ್ತಿ ಅಪಾಯ. ದಯವಿಟ್ಟು ಆ ಎಚ್ಚರಿಕೆಯನ್ನು ಕಡೆಗಣಿಸಬೇಡಿ.

ಜಾಯಿನ್ ಫೆಚ್ ತೆಗೆದು, ಐಟಂ ಕಲೆಕ್ಷನ್ ಮೇಲೆ ಬ್ಯಾಚ್ ಸೈಜ್ 50 ಅಂತ ಬರೆದೆ, ಅಂದರೆ ಒಂದೇ ಕ್ವೆರಿಯಲ್ಲಿ 50 ಆರ್ಡರ್‌ಗಳ ಐಟಂಗಳು ಬರುತ್ತವೆ. ಲೇಜಿ, ಅಂದರೆ ಬೇಕಾದಾಗ ಮಾತ್ರ ಐಟಂ ಲೋಡ್ ಮಾಡುವ ರೀತಿ, ಹಾಗೇ ಉಳಿಯಿತು. ಈಗ ಆರ್ಡರ್‌ಗೆ ಒಂದು, ಐಟಂಗಳಿಗೆ ನಾಲ್ಕು, ಒಟ್ಟು 5 ಕ್ವೆರಿ. ಪೇಜಿನೇಷನ್ ಕೂಡ ಡೇಟಾಬೇಸ್‌ನಲ್ಲೇ ಆಗುತ್ತಿದೆ. ಕ್ವೆರಿ ಎಣಿಸುವ ಒಂದು ಟೆಸ್ಟನ್ನೂ ಸೇರಿಸಿದ್ದೇನೆ. 5 ದಾಟಿದರೆ ಬಿಲ್ಡ್ ನಿಲ್ಲುತ್ತದೆ.